ಮೂವತ್ತೆಂಟು ಬಿಳಿ, ಎರಡು ಕಪ್ಪು

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ. ಶಿಷ್ಯನ ಹೆಸರು ಚನ್ನಮಲ್ಲ. ಎಲ್ಲವನ್ನೂ ಎಣಿಸಿಯೇ ನಂಬುವವನು.

ಹಾವು ಕಚ್ಚಿದವರನ್ನು ಸುತ್ತಲಿನ ಜನ ಅಲ್ಲಿಗೆ ತರುತ್ತಿದ್ದರು. ಗುರುಗಳು ಒಂದು ಕಹಿಬೇರನ್ನು ಅರೆದು ಕುಡಿಸುತ್ತಿದ್ದರು. ಬೇರೆ ದಾರಿ ಇರಲಿಲ್ಲ. ಆಚೆ ದಡದಲ್ಲಿ ಆಸ್ಪತ್ರೆ ಬಂದದ್ದು ಈಚೆಗೆ.

ಕುಡಿದವನು ಬದುಕಿದರೆ ಒಂದು ಹುಣಸೆಬೀಜವನ್ನು ಕಲ್ಲಿಗೆ ಉಜ್ಜಿ, ಬಿಳಿ ಮಾಡಿ, ಸೋರೆಬುರುಡೆಯೊಳಗೆ ಹಾಕುವುದು. ಸತ್ತರೆ ಉಜ್ಜದ ಕರಿಬೀಜ. ಅಂದರೆ ಒಬ್ಬ ಮನುಷ್ಯನಿಗೆ ಒಂದು ಬೀಜ. ಇದು ಆಶ್ರಮದ ಪದ್ಧತಿ.

ಒಂದು ದಿನ ಗುರುಗಳು ಬುರುಡೆಯನ್ನು ಚನ್ನಮಲ್ಲನ ಮುಂದಿಟ್ಟರು.

"ಬೇರು ಎಷ್ಟು ಒಳ್ಳೆಯದು? ಲೆಕ್ಕ ಮಾಡಿ ಹೇಳು."

ಅವನು ಸುರಿದು ಎಣಿಸಿದ. ಮೂವತ್ತೆಂಟು ಬಿಳಿ, ಎರಡು ಕಪ್ಪು.

"ಇಪ್ಪತ್ತು ಜನರಲ್ಲಿ ಹತ್ತೊಂಬತ್ತು ಜನರನ್ನು ಉಳಿಸುತ್ತದೆ, ಗುರುಗಳೇ."

"ಎಣಿಕೆ ಸರಿ," ಎಂದರು ಗುರುಗಳು. ಉತ್ತರ ಸರಿ ಎನ್ನಲಿಲ್ಲ. ಆ ವ್ಯತ್ಯಾಸ ಚನ್ನಮಲ್ಲನ ಗಮನಕ್ಕೆ ಬರಲಿಲ್ಲ.

ಮರುದಿನ ಮಧ್ಯಾಹ್ನ ಅಂಬಿಗ ಬೋರಣ್ಣ ಒಬ್ಬ ಹೆಂಗಸನ್ನು ಹೊತ್ತು ತಂದ. ನೋಡಿದರೆ ಚನ್ನಮಲ್ಲನ ಅಕ್ಕ ನೀಲಮ್ಮ. ಸೌದೆ ಎತ್ತುವಾಗ ಏನೋ ಕಚ್ಚಿತ್ತು.

ಚನ್ನಮಲ್ಲ ಓಡಿಹೋಗಿ ಬೇರು ಅರೆದು ಕುಡಿಸಿಬಿಟ್ಟ. ಗುರುಗಳು ಹೊರಗೆ ಬರುವಷ್ಟರಲ್ಲಿ ಲೋಟ ಖಾಲಿಯಾಗಿತ್ತು.

ಗುರುಗಳು ನೀಲಮ್ಮನ ಮುಖವನ್ನೇ ನೋಡಿದರು. "ಹರಿಗೋಲಿನಲ್ಲಿ ಕೂರಿಸು. ಆಸ್ಪತ್ರೆಗೆ ಕರೆದುಕೊಂಡು ಹೋಗು."

"ಹೊಳೆ ತುಂಬೈತೆ ಬುದ್ಧೀ," ಎಂದ ಬೋರಣ್ಣ. "ಇಂಥ ನೀರ್ನಾಗೆ ಹತ್ತು ಸಲ ಹೋದ್ರೆ ಒಂದ್ಸಲ ಮಗುಚ್ತದೆ."

ಚನ್ನಮಲ್ಲನ ಬೆರಳುಗಳು ತಾವಾಗಿಯೇ ಎಣಿಸತೊಡಗಿದವು. ಬೇರು ಕೈಕೊಡುವುದು ಇಪ್ಪತ್ತರಲ್ಲಿ ಒಂದು ಸಲ. ಹರಿಗೋಲು ಮಗುಚುವುದು ಹತ್ತರಲ್ಲಿ ಒಂದು ಸಲ. ಅಂದರೆ ಹೊಳೆಯ ಅಪಾಯ ಎರಡು ಪಟ್ಟು.

"ಗುರುಗಳೇ, ಲೆಕ್ಕದ ಪ್ರಕಾರ ಅಕ್ಕ ಇಲ್ಲೇ ಇರಬೇಕು!"

"ಲೋ ತಮ್ಮ," ಎಂದಳು ನೀಲಮ್ಮ. ಅವಳ ಮಾತು ತೊದಲುತ್ತಿತ್ತು. "ಅಕ್ಕ ಸಾಯ್ತಾ ಅವಳೆ, ನಿಂಗೆ ಮಗ್ಗಿ ಚಿಂತೆಯೇನೋ?"

"ಅವಳ ರೆಪ್ಪೆ ನೋಡು. ವಿಷ ಏರಿದೆ," ಎಂದರು ಗುರುಗಳು.

ನೋಡಿದ. ರೆಪ್ಪೆಗಳು ಅರ್ಧಕ್ಕೆ ಇಳಿದಿದ್ದವು. ಅವಳು ಎತ್ತಲು ಹೆಣಗುತ್ತಿದ್ದಳು, ಆಗುತ್ತಿರಲಿಲ್ಲ.

ಲೆಕ್ಕ ಒಂದು ಹೇಳುತ್ತಿದೆ, ಗುರು ಇನ್ನೊಂದು ಹೇಳುತ್ತಿದ್ದಾರೆ. ಯಾವುದನ್ನು ನಂಬಬೇಕೋ ತಿಳಿಯದೆ ಅವನು ಸುಮ್ಮನೆ ನಿಂತುಬಿಟ್ಟ. ಗುರುಗಳೇ ಹರಿಗೋಲನ್ನು ನೀರಿಗೆ ತಳ್ಳಿದರು. ಆಗ ಅವನು ಅಕ್ಕನನ್ನು ಎತ್ತಿಕೊಂಡು ಹತ್ತಿದ. ಬೋರಣ್ಣ ಹುಟ್ಟು ಹಿಡಿದ.

ಹರಿಗೋಲು ಎರಡು ಸಲ ಗಿರಕಿ ಹೊಡೆಯಿತು. ಮಗುಚಲಿಲ್ಲ.

ಐದನೆಯ ದಿನ ಚನ್ನಮಲ್ಲ ಹಿಂದಿರುಗಿದ. ಆಸ್ಪತ್ರೆಯಲ್ಲಿ ಸೂಜಿಮದ್ದು ಕೊಟ್ಟಿದ್ದರು. ನೀಲಮ್ಮ ಅಲ್ಲೇ ಎದ್ದು ಕೂತು, ಗಂಜಿಗೆ ಉಪ್ಪು ಸಾಲದೆಂದು ಜಗಳವಾಡುತ್ತಿದ್ದಳು.

ಅವನು ಮೊದಲು ಮಾಡಿದ ಕೆಲಸವೆಂದರೆ ಒಂದು ಹುಣಸೆಬೀಜವನ್ನು ಕಲ್ಲಿಗೆ ಉಜ್ಜಿದ್ದು. ಬೆಳ್ಳಗಾಗುವವರೆಗೆ ಉಜ್ಜಿದ. ಬುರುಡೆಯ ಬಾಯಿಗೆ ಹಿಡಿದ.

ಗುರುಗಳು ಅವನ ಕೈ ಹಿಡಿದುಕೊಂಡರು.

"ಏಕೆ ಗುರುಗಳೇ? ಅಕ್ಕ ಬೇರು ಕುಡಿದಿದ್ದಳು. ಬದುಕಿದಳು."

"ನನ್ನ ಕೈಯಿಂದಲೂ ಎಷ್ಟೋ ಬೀಜ ಹೀಗೇ ಬಿದ್ದಿವೆ," ಎಂದು ಗುರುಗಳು ಅಟ್ಟದಿಂದ ಇನ್ನೊಂದು ಬುರುಡೆ ಇಳಿಸಿದರು. "ಒಂದು ವರ್ಷ ಹೊಳೆ ಉಕ್ಕಿ ಬೇರಿನ ಗಿಡವೆಲ್ಲ ಕೊಚ್ಚಿಹೋಯಿತು. ಬಂದವರಿಗೆ ಬರೀ ನೀರು ಕುಡಿಸಿದೆ. ಎಣಿಸು."

ಅವನು ಎಣಿಸಿದ. ಹತ್ತೊಂಬತ್ತು ಬಿಳಿ, ಒಂದು ಕಪ್ಪು. ತಪ್ಪಿರಬೇಕೆಂದು ಮತ್ತೊಮ್ಮೆ ಎಣಿಸಿದ. ಅಷ್ಟೇ. ಬೇರಿನ ಲೆಕ್ಕವೂ ನೀರಿನ ಲೆಕ್ಕವೂ ಒಂದೇ.

"ಹಾಗಾದರೆ ನೀರೂ ಔಷಧಿಯೇ?"

"ಹೊಳೆ ತುಂಬ ಇದೆ. ಕುಡಿ."

ಚನ್ನಮಲ್ಲ ತಲೆ ಹಿಡಿದುಕೊಂಡು ಕೂತ.

"ಕೇರೆಹಾವು ಕಚ್ಚಿದರೆ ಏನು ಕುಡಿಸಬೇಕು?" ಎಂದು ಗುರುಗಳು ಕೇಳಿದರು.

"ಏನೂ ಬೇಡ. ಕೇರೆಗೆ ವಿಷವಿಲ್ಲ."

"ಕತ್ತಲ ಮೂಲೆಯಲ್ಲಿ ಕಚ್ಚಿದ್ದು ಕೇರೆಯೋ ನಾಗರವೋ, ಕಚ್ಚಿಸಿಕೊಂಡವನಿಗೆ ತಿಳಿದಿರುತ್ತದೆಯೇ?"

"ಇಲ್ಲ. ಹೆದರಿ ಇಲ್ಲಿಗೆ ಓಡಿಬರುತ್ತಾನೆ." ಹೇಳುತ್ತಿದ್ದಂತೆ ಅವನ ದನಿ ಇಳಿಯಿತು. "ಬಂದು ಬೇರು ಕುಡಿಯುತ್ತಾನೆ..."

ಅಂಗೈಯ ಬಿಳಿಬೀಜವನ್ನು ನೋಡಿದ. "ಹಾಗಾದರೆ ಇದನ್ನು ಎಲ್ಲಿ ಹಾಕಲಿ?"

"ಬಳ್ಳಿಯಲ್ಲಿ ಇನ್ನೊಂದು ಸೋರೆ ಒಣಗುತ್ತಿದೆ. ಸೂಜಿಮದ್ದಿಗೆ ಅದು."

"ಮತ್ತೆ ಈ ಮೂವತ್ತೆಂಟು? ಎಲ್ಲ ಸುಳ್ಳೇ ಗುರುಗಳೇ? ಅವರು ಬದುಕಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ."

"ಬೇರು ಕುಡಿದವರಲ್ಲಿ ರೆಪ್ಪೆ ಇಳಿದಿದ್ದ ಎಷ್ಟು ಜನರನ್ನು ಕಂಡೆ?"

ಚನ್ನಮಲ್ಲ ಬೆರಳು ಮಡಿಸಿ ಎಣಿಸಿದ. "ಅಕ್ಕನನ್ನು ಬಿಟ್ಟರೆ, ಇಬ್ಬರನ್ನು."

ಗುರುಗಳು ಮೊದಲ ಬುರುಡೆಯಿಂದ ಎರಡು ಕರಿಬೀಜಗಳನ್ನು ಹೆಕ್ಕಿ, ಅವನ ಅಂಗೈಯಲ್ಲಿ ಬಿಳಿಬೀಜದ ಪಕ್ಕಕ್ಕೆ ಇಟ್ಟರು.

"ಉಳಿದ ಮೂವತ್ತೆಂಟು ಮಂದಿಗೆ ವಿಷವೇ ಏರಿರಲಿಲ್ಲ; ಅವರು ಬೇರನ್ನು ಏನೂ ಕೇಳಿರಲಿಲ್ಲ. ಕೇಳಿದವರು ಇವರಿಬ್ಬರು."