ಬೋರಮ್ಮನ ಕೊಟ್ಟಿಗೆಯ ಕಡವೆ

“ನುಗ್ಗಿ ಬಂತು ನೋಡಿ, ನೇರ ನನ್ನ ಮೈಮೇಲೆ! ಕಣ್ಣೆಂದರೆ ಕೆಂಡ! ಬೇರೆಯವರಾಗಿದ್ದರೆ ಬಿಲ್ಲು ಬಿಸಾಕಿ ಓಡುತ್ತಿದ್ದರು. ನಾನು ಕದಲಲಿಲ್ಲ. ಒಂದೇ ಬಾಣ!”

ಕಣವಳ್ಳಿಯ ದೊರೆ ಬಿಲ್ಲಪ್ಪ ನಾಯಕರು ಹೀಗೆಂದು, ಸಿಂಹಾಸನದ ಹಿಂದೆ ತೂಗುಹಾಕಿದ್ದ ಕಡವೆಯ ಕೊಂಬು ತೋರಿಸಿದರು. ಸಭೆಯವರು ಈ ಕತೆಯನ್ನು ಎಷ್ಟು ಸಲ ಕೇಳಿದ್ದರೋ ಅವರಿಗೇ ಗೊತ್ತಿಲ್ಲ. ಹೇಳಿದಾಗಲೆಲ್ಲ ಕಡವೆ ಒಂದು ಗೇಣು ಎತ್ತರ ಬೆಳೆಯುತ್ತಿತ್ತು. ಹೇಳಿದಾಗಲೆಲ್ಲ ಸಭೆ “ಆಹಾ!” ಎನ್ನುತ್ತಿತ್ತು.

ಎಲ್ಲರಿಗಿಂತ ಜೋರಾಗಿ ಆಹಾ ಎನ್ನುತ್ತಿದ್ದವರು ಜಹಗೀರದಾರ ಕೆಂಚರಾಯರು. ಬೇಟೆ ನಡೆದದ್ದು ಅವರ ಜಾಗದಲ್ಲೇ. ಊರಾಚೆ ಕಾಡಿನ ಒಂದು ತುಂಡಿಗೆ ಆಳೆತ್ತರದ ಕಲ್ಲುಗೋಡೆ ಕಟ್ಟಿಸಿ, ಒಳಗೆ ಕಡವೆ ತುಂಬಿಸಿದ್ದರು. ಬೇಟೆಯ ಆಸೆಯಿದ್ದು ಕಾಡು ಅಲೆಯುವ ತ್ರಾಣವಿಲ್ಲದ ದೊಡ್ಡ ಮನುಷ್ಯರೆಲ್ಲ ಅಲ್ಲಿಗೆ ಬರುತ್ತಿದ್ದರು. ಕೊಂಬು ಉದ್ದವಾದಷ್ಟೂ ವರಹ ಹೆಚ್ಚು. “ಒಳಗಿರುವುದೆಲ್ಲ ಅಪ್ಪಟ ಕಾಡುಮೃಗ” ಎಂದು ರಾಯರು ಆಣೆಯಿಟ್ಟು ಹೇಳುತ್ತಿದ್ದರು.

ಅವತ್ತು ರಾಯರು ಆಹಾ ಮುಗಿಸಿ, ಮುಖ ಸಪ್ಪಗೆ ಮಾಡಿಕೊಂಡರು.

“ಪ್ರಭು, ಇದಕ್ಕಿಂತ ದೊಡ್ಡ ಕೊಂಬಿನದನ್ನು ತಮಗೆಂದೇ ಇಟ್ಟಿದ್ದೆ. ಕಳುವಾಯಿತು. ನನ್ನ ಗೋಡೆ ಪಕ್ಕದ ಹೊಲದ ಬೋರಮ್ಮ ಕದ್ದು, ತನ್ನ ಕೊಟ್ಟಿಗೆಯಲ್ಲಿ ಕಟ್ಟಿಹಾಕಿದ್ದಳು. ದಂಡವಾಗಿ ಅವಳ ಹೊಲ ನನಗೆ ಕೊಡಿಸಬೇಕು.”

ಕಾವಲಿನವರು ಬೋರಮ್ಮನನ್ನು ಕರೆತಂದರು. ಕಡವೆಯನ್ನು ಹೊರಗೆ ಅಂಗಳದಲ್ಲಿ ಹಿಡಿದುಕೊಂಡಿದ್ದರು.

“ನಾನ್ಯಾಕೆ ಕದೀಲಿ ಬುದ್ಧಿ?” ಎಂದಳು ಬೋರಮ್ಮ. “ಮಳೆಗೆ ರಾಯರ ಗೋಡೆ ಕುಸೀತು. ಇದು ಹೊಲಕ್ಕೆ ಬಂದು ಅವರೆ ಪೂರಾ ಮೇದುಬಿಡ್ತು. ಕೋಲು ಎತ್ತಿದ್ರೆ ಓಡೋದು ಬಿಟ್ಟು ಕೋಲನ್ನೇ ಮೂಸ್ತು! ಇನ್ನೇನ್ ಮಾಡ್ಲಿ? ಎಮ್ಮೆ ಪಕ್ಕ ಕಟ್ಟಿಹಾಕ್ದೆ. ಆ ಹೊಲ ಹೋದ್ರೆ ನಾನು, ನನ್ನ ಮಕ್ಕಳು ಮಣ್ಣು ತಿನ್ಬೇಕು.”

ದೊರೆ ಗಡ್ಡ ಕೆರೆದುಕೊಂಡು ಆಸ್ಥಾನದ ಜಾಣ ಚೌಡರಸನ ಕಡೆ ನೋಡಿದರು. ಗಂಟು ಬಿಡಿಸುವ ಪ್ರಸಂಗ ಬಂದಾಗಲೆಲ್ಲ ಅವರು ನೋಡುತ್ತಿದ್ದುದು ಅವನ ಕಡೆಗೇ.

ಚೌಡರಸ ಎದ್ದು ಕೈಮುಗಿದ. “ರಾಯರೇ, ಒಂದು ಸಣ್ಣ ಸಂಶಯ. ಕಾಡುಮೃಗ ಯಾರ ಸ್ವತ್ತೂ ಅಲ್ಲವಲ್ಲ. ಕಾಡಿನದು ಹೊಲಕ್ಕೆ ಬಂತು, ಬೋರಮ್ಮ ಹಿಡಿದಳು. ಕಳ್ಳತನ ಹೇಗಾಯಿತು?”

ಹೊಲ ಕೈತಪ್ಪುವುದು ಕಂಡು ರಾಯರಿಗೆ ರೇಗಿತು. “ಯಾರ ಸ್ವತ್ತೂ ಅಲ್ಲವೇ? ಮರಿಯಾಗಿದ್ದಾಗಿನಿಂದ ಸಾಕಿದವನು ನಾನು! ಕೈಯಾರೆ ಬೆಲ್ಲ ತಿನ್ನಿಸಿದ್ದೇನೆ!”

“ಹಾಗಂತ ಯಾರು ಬೇಕಾದರೂ ಹೇಳಬಹುದು.”

“ಹೆಸರಿಟ್ಟಿದ್ದೇನೆ ಕಣಯ್ಯಾ! ಕೂಗಿದರೆ ಎಲ್ಲಿದ್ದರೂ ಬರುತ್ತದೆ!”

“ಕೂಗಿ ನೋಡೋಣ.”

ರಾಯರು ಬಾಗಿಲ ಕಡೆ ತಿರುಗಿ, “ಮುದ್ದೂ! ಬಾರೋ ಮುದ್ದೂ!” ಎಂದರು.

ಹಗ್ಗ ಹಿಡಿದಿದ್ದ ಕಾವಲಿನವನನ್ನೂ ಎಳೆದುಕೊಂಡು, ಎತ್ತಿನ ಗಾತ್ರದ ಕಡವೆ ದಡಬಡನೆ ಸಭೆಗೆ ನುಗ್ಗಿತು. ರಾಯರ ಕೈ ಖಾಲಿಯಿರುವುದು ಕಂಡು, ಅವರನ್ನು ದಾಟಿ ಸಿಂಹಾಸನದತ್ತ ಓಡಿತು. ದೊರೆ ಒಂದೇ ನೆಗೆತಕ್ಕೆ ಸಿಂಹಾಸನದ ಮೇಲೆ ಹತ್ತಿ ನಿಂತರು. ಕಡವೆ ಅವರ ಅಂಗೈ ಮೂಸಿತು, ನೆಕ್ಕಿತು. ಬೆಲ್ಲ ಸಿಗದಿದ್ದಕ್ಕೆ ಅವರ ಕೊರಳ ಹೂವಿನ ಹಾರ ಹಿಡಿದೆಳೆದು ನೆಮ್ಮದಿಯಿಂದ ಮೆಲ್ಲತೊಡಗಿತು.

ಆಹಾ ಎನ್ನಲು ಯಾರಿಗೂ ಧೈರ್ಯ ಬರಲಿಲ್ಲ.

“ರಾಯರೇ,” ಎಂದ ಚೌಡರಸ, “ಇದು ಸಾಕಿದ್ದು ಎನ್ನುವುದಾದರೆ ತಿಂದ ಅವರೆಗೆ ನೀವೇ ಹೊಣೆ. ಜೊತೆಗೆ, ನಮ್ಮ ಪ್ರಭುಗಳಿಗೆ ಕಾಡುಮೃಗವೆಂದು ಮಾರಿದಿರಲ್ಲ, ಆ ಕೊಂಬಿನ ಕಡವೆ ಎಂಥದ್ದೆಂದು ಅವರಿಗೆ ನೀವೇ ಹೇಳಿ.”

ರಾಯರು ದೊರೆಯ ಮುಖ ನೋಡಿದರು. “ಛೆ ಛೆ, ಬಾಯಿತಪ್ಪಿ ಆಡಿದೆ. ಕಾಡುಮೃಗವೇ ಪ್ರಭು! ಮಹಾ ಕ್ರೂರ!”

ಮಹಾ ಕ್ರೂರಮೃಗ ಆಗಷ್ಟೇ ಒಂದು ಸೇವಂತಿಗೆ ಮುಗಿಸಿ ಮತ್ತೊಂದಕ್ಕೆ ಬಾಯಿ ಹಾಕಿತ್ತು.

“ಕಾಡುಮೃಗವೇ? ಸರಿ, ಕಳ್ಳತನವಾಗಿಲ್ಲ. ಬೋರಮ್ಮ, ಹೊಲ ನಿನ್ನದೇ. ನಡಿ ಮನೆಗೆ,” ಎಂದ ಚೌಡರಸ.

“ಹಾಗಲ್ಲ, ಸಾಕಿದ್ದು... ಅಂದರೆ ಕಾಡಿನದನ್ನೇ...” ರಾಯರ ನಾಲಿಗೆ ಅತ್ತಲೂ ಹೊರಳದು, ಇತ್ತಲೂ ಹೊರಳದು.

ದೊರೆ ಮೆಲ್ಲಗೆ ಕೆಳಗಿಳಿದು ಕೂತರು. ಕಡವೆಯ ಹಣೆಯ ಮೇಲೆ ಕೈಯಿಟ್ಟರು. ಅದು ಕಣ್ಣುಮುಚ್ಚಿತು.

“ಅದೂ ಹೀಗೇ ಬಂದಿತ್ತು,” ಎಂದರು. ದನಿ ಇಳಿದಿತ್ತು. “ಬಾಣ ನಾಟಿದ ಮೇಲೂ ಎರಡು ಹೆಜ್ಜೆ ನನ್ನ ಕಡೆಗೇ ಇಟ್ಟಿತು. ಪೌರುಷ ಅಂದುಕೊಂಡೆ. ಬೆಲ್ಲ ಕೇಳಲು ಬರುತ್ತಿತ್ತೋ ಏನೋ.”

ಆಮೇಲೆ ದೊರೆ ತಲೆಯೆತ್ತಿ, “ಆ ಗೋಡೆ ಒಡೆಸಿಬಿಡಿ!” ಎಂದು ಗುಡುಗಿದರು.

“ಅಯ್ಯೋ ಬೇಡ ಬುದ್ಧಿ!” ಎಂದು ಬೋರಮ್ಮ ಬಾಗಿಲಿನಿಂದಲೇ ಓಡಿಬಂದಳು. “ಗೋಡೆ ಒಡೆದ್ರೆ ಇದರ ಬಳಗ ಪೂರಾ ನನ್ನ ಹೊಲಕ್ಕೇ ಬರ್ತದೆ!”

ದೊರೆಗೂ ಅದು ಹೌದೆನಿಸಿತು. ಗೋಡೆ ಇರಲಿ, ಕುಸಿದದ್ದನ್ನು ರಾಯರೇ ಕಟ್ಟಿಸಲಿ, ಬೋರಮ್ಮನಿಗೆ ಅವರೆಯ ನಷ್ಟ ತುಂಬಿಕೊಡಲಿ, ಒಳಗಿನ ಕಡವೆಗಳು ಮುದಿಯಾಗಿ ತಾವಾಗಿ ಸಾಯುವವರೆಗೆ ಮೇವು, ಬೆಲ್ಲ ಎರಡೂ ರಾಯರ ಖರ್ಚು, ಯಾರೂ ಬಿಲ್ಲು ಹಿಡಿದು ಆ ಬಾಗಿಲು ದಾಟಕೂಡದು ಎಂದು ಅಪ್ಪಣೆಯಾಯಿತು.

ಆಮೇಲೆ ದೊರೆ ಚೌಡರಸನನ್ನು ಹತ್ತಿರ ಕರೆದರು. “ನಿಜ ಹೇಳು. ಅವತ್ತು ಅಲ್ಲಿ ನಡೆದದ್ದನ್ನು ಬೇಟೆ ಅನ್ನಬಹುದೋ, ಬಾರದೋ?”

“ಧಾರಾಳವಾಗಿ ಅನ್ನಬಹುದು ಪ್ರಭು,” ಎಂದ ಚೌಡರಸ. “ಹೊಂಚು ಹಾಕಿದ್ದು ನಿಜ, ಸಿಹಿ ತೋರಿಸಿ ಗೋಡೆಯೊಳಗೆ ಕರೆದದ್ದು ನಿಜ, ಗುರಿ ತಪ್ಪದೆ ಹೊಡೆದದ್ದೂ ನಿಜ. ಏನೆಂದರೆ, ಬೇಟೆಗಾರರು ಕೆಂಚರಾಯರು. ಬಲೆಗೆ ಬಿದ್ದವರು ತಾವು.”

ದೊರೆಯ ಮೀಸೆ ಒಮ್ಮೆ ಅದುರಿತು, ಇನ್ನೊಮ್ಮೆ ಅದುರಿತು. ಆಮೇಲೆ ನಗು ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡು, ಕೈಯ ಚಿನ್ನದ ಕಡಗ ಕಳಚಿ ಚೌಡರಸನ ಕೈಗೆ ಹಾಕಿದರು. ದೊರೆ ನಕ್ಕರೆಂದು ಸಭೆ ನಕ್ಕಿತು. ಎಲ್ಲರೂ ನಗುತ್ತಿರುವಾಗ ತಾನೊಬ್ಬ ನಗದಿರುವುದು ಅಪಾಯವೆಂದು, ಪಾಪ, ಕೆಂಚರಾಯರೂ ನಕ್ಕರು.