ಬುಗ್ಗೆಗೆ ಬಂದ ಕರಡಿ ಯಜಮಾನ

ಜಪಾನಿನ ಒಂದು ಬೆಟ್ಟದ ಕಾಡಿನಲ್ಲಿ ಕರಡಿಯೊಂದು ಯಜಮಾನಿಕೆ ನಡೆಸುತ್ತಿತ್ತು. ಪದವಿಯ ಗುರುತಾಗಿ ಸೊಂಟಕ್ಕೆ ಕೆಂಪು ರೇಷ್ಮೆಯ ಪಟ್ಟಿ ಕಟ್ಟಿಕೊಂಡೇ ಓಡಾಡುತ್ತಿತ್ತು. ಒಂದು ಚಳಿಗಾಲ ಮಂಡಿನೋವು ತಾಳಲಾರದೆ, ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದ ಪಕ್ಕದ ಊರಿಗೆ ಕುಂಟುತ್ತಾ ಬಂತು.

ಸ್ನಾನದ ಮನೆಯ ಬಾಗಿಲಲ್ಲಿದ್ದ ಕೊಕ್ಕರೆ ತಲೆಬಾಗಿಸಿ, "ಬನ್ನಿ ಯಜಮಾನರೇ. ಉಟ್ಟದ್ದು ತೊಟ್ಟದ್ದನ್ನೆಲ್ಲ ಇಲ್ಲೇ ಬಿಚ್ಚಿಟ್ಟು, ಮೈ ತೊಳೆದುಕೊಂಡು ಹಿತ್ತಲ ಬಯಲಿನ ಕೊಳಕ್ಕೆ ಇಳಿಯಬೇಕು. ಇಲ್ಲಿನ ಪದ್ಧತಿ ಅದು" ಎಂದಿತು.

ಕರಡಿ ಗೊಣಗುತ್ತಲೇ ಪಟ್ಟಿ ಬಿಚ್ಚಿಟ್ಟು, ಮೈ ತೊಳೆದು ನೀರಿಗಿಳಿಯಿತು. ಬಿಸಿ ತಾಗಿದ್ದೇ ತಡ, ಮಂಡಿ ಹಗುರಾಯಿತು. ಇನ್ನೇನು ಕಣ್ಣು ಮುಚ್ಚಬೇಕು, ಅಷ್ಟರಲ್ಲಿ ಕೊಳದಲ್ಲಿದ್ದ ಕೋತಿಗಳಲ್ಲೊಂದು, "ಸ್ವಲ್ಪ ಸರಿದು ಕುಳಿತುಕೊಳ್ಳಿ ಅಣ್ಣಾ, ನಮ್ಮ ಅಜ್ಜಿಗೆ ಜಾಗ ಬೇಕು" ಎಂದಿತು.

"ನಾನು ಯಾರೆಂದು ಗೊತ್ತೇ?" ಎಂದಿತು ಕರಡಿ.

"ಈ ಹಬೆಯಲ್ಲಿ ಮುಖವೇ ಕಾಣುತ್ತಿಲ್ಲ. ನಿಮಗೂ ಮಂಡಿನೋವೇ?"

ಕರಡಿಗೆ ಮೈಯೆಲ್ಲ ಉರಿದುಹೋಯಿತು. ತಟ್ಟನೆ ಮೇಲೆದ್ದು ಹೋಗಿ, ಪಟ್ಟಿ ಬಿಗಿದುಕೊಂಡು ಬಂದು ಕೊಳದ ದಡದ ಹಿಮದಲ್ಲಿ ನಿಂತಿತು. ಕೋತಿಗಳು ಗಾಬರಿಬಿದ್ದು ಕೈಮುಗಿದವು. ಎಲ್ಲಕ್ಕಿಂತ ಬೆಚ್ಚಗಿನ ಜಾಗವನ್ನೇ ಬಿಟ್ಟುಕೊಟ್ಟವು.

"ಪಟ್ಟಿ ಬಿಚ್ಚಿಟ್ಟು ಇಳಿಯಿರಿ ಯಜಮಾನರೇ, ಚಳಿ ಹೆಚ್ಚುತ್ತಿದೆ" ಎಂದಿತು ಕೊಕ್ಕರೆ.

"ಬಿಚ್ಚಿದರೆ ಇವರು ಮತ್ತೆ ಅಣ್ಣಾ ಎಂದಾರು" ಎಂದು ಕರಡಿ ಕದಲಲಿಲ್ಲ.

ಸಂಜೆಯವರೆಗೂ ಅಲ್ಲೇ ನಿಂತು ನಮಸ್ಕಾರ ಸ್ವೀಕರಿಸಿತು. ಅಷ್ಟರಲ್ಲಿ ಮಂಡಿ ಮರಗಟ್ಟಿ ಒಂದು ಹೆಜ್ಜೆಯೂ ಇಡಲಾಗಲಿಲ್ಲ. ಕೊನೆಗೆ ಕೋತಿಗಳೇ ಬಿದಿರಿನ ಚಟ್ಟ ಕಟ್ಟಿ, ಅದರ ಮೇಲೆ ಮಲಗಿಸಿ, ಹೊತ್ತುಕೊಂಡು ಹೊರಟವು. ದಾರಿಯುದ್ದಕ್ಕೂ ಕರಡಿ ಎರಡೂ ಬದಿಗೆ ಕೈಬೀಸುತ್ತಾ, ಹಿಂದಿನ ಯಾವ ಯಜಮಾನನಿಗೂ ಇಂಥ ಮೆರವಣಿಗೆ ಆಗಿರಲಿಲ್ಲವೆಂದು ಹಿಗ್ಗುತ್ತಿತ್ತು.