ಮೇಸ್ತ್ರಿ ಟ್ರೇಲರ್ ಹತ್ತಿದ್ದು

ಹರಿಹರದ ಹೊರಗೆ, ತುಂಗಭದ್ರೆಯ ದಡದಲ್ಲಿ ಹುಸೇನಪ್ಪ ಮೇಸ್ತ್ರಿಯ ಶೆಡ್ಡು. ಕೆಟ್ಟು ನಿಂತ ಹಳೆಯ ಕಾರುಗಳನ್ನು ಮತ್ತೆ ಓಡುವಂತೆ ಮಾಡುವುದು ಅವರ ಕೆಲಸ. ಕಲಿಯಲು ಬಂದವರಿಗೆ ಅವರು ಪಾಠ ಹೇಳುತ್ತಿರಲಿಲ್ಲ. ಕೈಗೊಂದು ಸ್ಪ್ಯಾನರ್ ಕೊಟ್ಟು, ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಿದ್ದರು.

ಮರುಳಸಿದ್ಧ ಅವರ ಹತ್ತಿರ ಆರು ವರ್ಷ ಕಲಿತಿದ್ದ. ದಾವಣಗೆರೆಯಲ್ಲಿ ಅವನದೊಂದು ಮಂಡಕ್ಕಿ ಭಟ್ಟಿ. ಅದರ ಗೋದಾಮಿನಲ್ಲಿ, ಚೀಲಗಳ ಅಡಿಯಲ್ಲಿ, ಅಜ್ಜನ ಕಾಲದ ಕಾರೊಂದು ಸಿಕ್ಕಿತ್ತು. ಅದನ್ನು ಮೇಸ್ತ್ರಿಯ ಶೆಡ್ಡಿಗೆ ತಂದು, ವಾರಕ್ಕೆ ಎರಡು ದಿನ ಅವರ ಜೊತೆ ಕೂತು, ಒಂದೊಂದೇ ಭಾಗ ಬಿಚ್ಚಿ, ತಿದ್ದಿ, ಜೋಡಿಸಿದ್ದ. ಈಗ ಅದು ಮದುವಣಗಿತ್ತಿಯ ಹಾಗಿತ್ತು.

ಆ ವರ್ಷ ಗುಜರಾತಿನ ಒಂದು ಊರಿನಿಂದ ಹಳೆಯ ಕಾರುಗಳ ಪ್ರದರ್ಶನಕ್ಕೆ ಕರೆ ಬಂತು. ಸಾವಿರ ಕಿಲೋಮೀಟರಿಗೂ ಮೀರಿದ ದಾರಿ. ಆ ಮುದಿ ಎಂಜಿನ್ ಅಷ್ಟು ದೂರ ಓಡಲಾರದು. ಕಾರನ್ನು ಟ್ರೇಲರಿನ ಮೇಲೆ ಹತ್ತಿಸಿ, ಟ್ರೇಲರನ್ನು ಜೀಪಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗಬೇಕು.

"ಎಂಥ ಟ್ರೇಲರ್ ತರಲಿ ಮೇಸ್ತ್ರಿ?" ಎಂದು ಕೇಳಿದ.

"ಕಾರು ನಿಂದು. ಎಳಕೊಂಡು ಹೋಗೋನೂ ನೀನು. ನೀನೇ ಆರಿಸು."

ಎರಡು ತಿಂಗಳು ಅವನು ಊರೂರು ತಿರುಗಿದ. ಒಂದು ಕಡೆ ಸುತ್ತಲೂ ಮುಚ್ಚಿದ, ದೊಡ್ಡ ಪೆಟ್ಟಿಗೆಯಂಥ ಟ್ರೇಲರ್ ನೋಡಿದ. ಧೂಳು ಬೀಳುವುದಿಲ್ಲ, ನಿಜ. ಆದರೆ ದಾರಿಯಲ್ಲಿ ಕಾರು ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಬಿಟ್ಟ. ಇನ್ನೊಂದರ ಹಲಗೆ ಎತ್ತರ. ಹತ್ತಿಸುವಾಗ ಬಂಪರ್ ತಾಗುತ್ತಿತ್ತು. ಮತ್ತೊಂದರ ಚಕ್ರಗಳು ತೀರ ಸಣ್ಣವು, ನೋಡಲು ಚೆನ್ನಾಗಿರಲಿಲ್ಲ.

ಕೊನೆಗೆ ಕೊಲ್ಹಾಪುರದ ಹತ್ತಿರ ಒಬ್ಬನ ಬಳಿ ಬಳಸಿದ ತೆರೆದ ಟ್ರೇಲರ್ ಸಿಕ್ಕಿತು. ಮರುಳಸಿದ್ಧನ ಕಾರಿನದೇ ಕಡುಗೆಂಪು ಬಣ್ಣ, ಆಗಷ್ಟೇ ಬಳಿದದ್ದು. ಎಲ್ಲ ಪರೀಕ್ಷೆ ಮಾಡಿದ್ದೇನೆ ಎಂದು ಮಾರುವವನು ಹೇಳಿದ. ಮರುಳಸಿದ್ಧ ಅದರ ಮೇಲೆ ತನ್ನ ಕಾರು ನಿಂತದ್ದನ್ನು ಊಹಿಸಿಕೊಂಡು ನಿಂತಲ್ಲೇ ಒಪ್ಪಿಬಿಟ್ಟ.

ಹೊರಡುವ ದಿನ ಬೆಳಗ್ಗೆ ಕಾರು ಹತ್ತಿಸಿ, ನಾಲ್ಕೂ ಚಕ್ರಕ್ಕೆ ಬೆಲ್ಟ್ ಬಿಗಿದ. ಮೇಸ್ತ್ರಿ ಬಂದವರು ಕಾರಿನ ಗಾಜಿನ ಮೇಲಿದ್ದ ಬೆರಳಿನ ಗುರುತೊಂದನ್ನು ಒರೆಸಿದರು. ಆಮೇಲೆ ಮೆಲ್ಲಗೆ ಟ್ರೇಲರ್ ಹತ್ತಿ, ಕಾರಿನ ಬಾಗಿಲು ತೆಗೆದು ಒಳಗೆ ಕೂತರು.

ಮರುಳಸಿದ್ಧ ಗಾಬರಿಯಾದ. ಎಪ್ಪತ್ತಾರು ವರ್ಷದವರು, ಓಡುವ ಟ್ರೇಲರಿನ ಮೇಲೆ ಯಾರೂ ಕೂರಬಾರದು, ಇಳಿದು ಜೀಪಿಗೆ ಬನ್ನಿ ಎಂದು ಬೇಡಿಕೊಂಡ.

"ಬೆಲ್ಟು ಸಡಿಲ ಆದ್ರೆ ಇಲ್ಲಿ ಕೂತೋರಿಗೆ ಮೊದಲು ಕೇಳುತ್ತೆ," ಎಂದರು ಮೇಸ್ತ್ರಿ. "ಸೇತುವೆ ದಾಟೋ ತನಕ ಕೂತಿರ್ತೀನಿ. ನಡಿ."

ಅವರು ಗಾಜು ಏರಿಸಿಕೊಂಡರು.

ಜೀಪು ಹೊರಟಿತು. ಕನ್ನಡಿಯಲ್ಲಿ ಮರುಳಸಿದ್ಧನಿಗೆ ಕಾರು ಕಾಣಲಿಲ್ಲ. ಅದರೊಳಗಿನ ಬಿಳಿ ತಲೆಯೊಂದೇ ಕಂಡಿತು. ರಸ್ತೆಯ ಪ್ರತಿ ಗುಂಡಿಗೂ ಆ ತಲೆ ಅಲುಗುತ್ತಿತ್ತು.

ಟ್ರೇಲರನ್ನು ಜೀಪಿಗೆ ಸಿಕ್ಕಿಸಿದ ಕೊಂಡಿ ಸರಿಯಾಗಿ ಕೂತಿದೆಯೆ? ಅದನ್ನು ಹಿಡಿದಿರುವ ದಂಡ ಗಟ್ಟಿಯಿದೆಯೆ? ಎರಡು ತಿಂಗಳಲ್ಲಿ ಒಮ್ಮೆಯೂ ಅವನು ಬಗ್ಗಿ ನೋಡಿರಲಿಲ್ಲ.

ಸೇತುವೆಯ ಏರು ಎದುರಾಯಿತು. ಕೆಳಗೆ ಹೊಳೆ ತುಂಬಿ ಹರಿಯುತ್ತಿತ್ತು. ಆಕ್ಸಿಲರೇಟರ್ ಒತ್ತಲು ಅವನ ಕಾಲು ಒಲ್ಲದಾಯಿತು. ಏರಿನ ಬುಡದಲ್ಲೇ ಜೀಪು ನಿಲ್ಲಿಸಿ, ಕೀಲಿ ತೆಗೆದುಕೊಂಡು ಇಳಿದ.

ಮೊಣಕಾಲೂರಿ ಕೂತು ನೋಡಿದ. ಕೊಂಡಿ ಸರಿಯಿತ್ತು. ದಂಡದ ಅಡಿಯಲ್ಲಿ ಕೈಯಾಡಿಸುತ್ತ ಹೋದ. ಅದು ಟ್ರೇಲರಿಗೆ ಸೇರುವ ಜಾಗದಲ್ಲಿ ಹೊಸ ಬಣ್ಣ ಸುಕ್ಕುಗಟ್ಟಿತ್ತು. ಉಗುರಿನಿಂದ ಕೆರೆದ. ಬಣ್ಣ ಎದ್ದಿತು, ಅದರ ಹಿಂದೆ ಬಿರುಕು ಮುಚ್ಚಲು ಮೆತ್ತಿದ್ದ ಲಾಂಬಿಯೂ ಉದುರಿತು. ಬೆಸುಗೆ ಬಿಟ್ಟಿತ್ತು. ಬಿರುಕಿನೊಳಗೆ ಜೀಪಿನ ಕೀಲಿ ತೂರಿಸಿದ. ಅರ್ಧ ಕೀಲಿ ಒಳಗೆ ಹೋಯಿತು.

ಅವನು ರಸ್ತೆಯ ಮೇಲೇ ಕೂತುಬಿಟ್ಟ. ಹಿಂದಿನಿಂದ ಬಂದ ಲಾರಿಯೊಂದು ಹಾರ್ನ್ ಹೊಡೆದು, ಪಕ್ಕಕ್ಕೆ ಸರಿದು ಏರು ಹತ್ತಿತು. ಅದು ಸೇತುವೆ ದಾಟಿ ಆಚೆ ದಡ ಸೇರುವ ತನಕ ಅವನು ಅದನ್ನೇ ನೋಡುತ್ತಿದ್ದ.

ಆಮೇಲೆ ಎದ್ದು ಟ್ರೇಲರ್ ಹತ್ತಿ, ಕಾರಿನ ಬಾಗಿಲು ತೆಗೆದು, ಎರಡೂ ಕೈಯಿಂದ ಮೇಸ್ತ್ರಿಯನ್ನು ಹಿಡಿದು ಇಳಿಸಿಕೊಂಡ. ದಂಡದ ಹತ್ತಿರ ಕರೆತಂದು ತೋರಿಸಿದ.

ಮೇಸ್ತ್ರಿ ಬಗ್ಗಿದರು. ಬಿರುಕಿನ ಉದ್ದಕ್ಕೂ ಬೆರಳು ಸವರಿದರು. ದಂಡದ ನಾಲ್ಕು ಮಗ್ಗುಲಲ್ಲಿ ಮೂರರ ಬೆಸುಗೆ ಬಿಟ್ಟಿತ್ತು, ಒಂದರದು ಉಳಿದಿತ್ತು.

ಮರುಳಸಿದ್ಧ ಕೈಮುಗಿದ.

"ನಂಗೆ ಬುದ್ಧಿ ಕಲಿಸೋಕೆ ನಿಮ್ಮ ಜೀವಾನೇ ಒಡ್ಡಿದ್ರಲ್ಲ ಮೇಸ್ತ್ರಿ. ಇದು ನಿಮಗೆ ಮೊದಲೇ ಗೊತ್ತಿತ್ತು, ಅಲ್ವಾ?"

ಮೇಸ್ತ್ರಿ ಬಿರುಕಿನಿಂದ ಕಣ್ಣು ತೆಗೆಯಲಿಲ್ಲ. ಟ್ರೇಲರಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಇಲ್ಲಪ್ಪ. ನೀನು ನೋಡಿರ್ತೀಯ ಅಂತ ಹತ್ತಿ ಕೂತೆ."